ಪುಚ್ಚೆ ಎಂದ ಮಗು ತಪ್ಪು ಹೇಳಿತೇ? ಗಡಿನಾಡಿನ ಕನ್ನಡ ಶಾಲೆ ಮತ್ತು ಆತ್ಮವಿಶ್ವಾಸದ ಚಿತ್ರಪುಸ್ತಕ

ಕೇರಳ ವಿಧಾನಸಭೆ 2025ರ ಅಕ್ಟೋಬರ್‌ನಲ್ಲಿ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದ ಮೇಲೆ ಕಾಸರಗೋಡಿನಲ್ಲಿ ಎರಡು ಮಾತು ಒಟ್ಟೊಟ್ಟಿಗೆ ಓಡಾಡಿದವು. 'ಇನ್ನು ಮಲಯಾಳವೇ ಪ್ರಥಮ ಭಾಷೆ, ಕನ್ನಡ ಶಾಲೆಗಳ ಕಥೆ ಮುಗಿಯಿತು' ಎನ್ನುವುದು ಒಂದು. 'ಭಾಷಾ ಅಲ್ಪಸಂಖ್ಯಾತರಿಗೆ ವಿನಾಯಿತಿ ಇದೆ, ಸುಮ್ಮನೆ ಗುಲ್ಲೆಬ್ಬಿಸಬೇಡಿ' ಎನ್ನುವುದು ಇನ್ನೊಂದು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಆಕ್ಷೇಪಿಸಿ ಪತ್ರ ಬರೆದರು. ಅಲ್ಪಸಂಖ್ಯಾತರ ರಕ್ಷಣೆಗೆ ಮಸೂದೆಯ 7ನೇ ಕಲಮೇ ಇದೆ ಎಂದು ಆಗ ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಉತ್ತರಿಸಿದರು.

ಈ ಗದ್ದಲದಲ್ಲಿ ಎಲ್ಲರೂ ಎಳೆದು ತಂದ ಪದ 'ಮಗುವಿನ ಆತ್ಮವಿಶ್ವಾಸ'. ಕನ್ನಡದಲ್ಲಿ ಕಲಿತರೆ ಅದು ಬರುತ್ತದೆ, ಮಲಯಾಳ ಬಾರದಿದ್ದರೆ ಅದು ಹೋಗುತ್ತದೆ, ಇಂಗ್ಲಿಷ್ ಇಲ್ಲದಿದ್ದರೆ ಅದು ಹುಟ್ಟುವುದೇ ಇಲ್ಲ. ಈ ಮೂರೂ ವಾದದವರು ಸಣ್ಣ ಮಕ್ಕಳಿಗೆ ಕೊನೆಗೆ ಸೂಚಿಸುವ ಮದ್ದು ಮಾತ್ರ ಒಂದೇ: ಆತ್ಮವಿಶ್ವಾಸ ತುಂಬುವ ಚಿತ್ರಪುಸ್ತಕ. ಅಂಥ ಪುಸ್ತಕ ನಿಜಕ್ಕೂ ಏನು ಮಾಡುತ್ತದೆ, ಏನು ಮಾಡಲಾರದು ಎನ್ನುವುದು ಈ ಜಗಳದಲ್ಲಿ ಯಾರೂ ಬಿಡಿಸಿ ಹೇಳದ ಭಾಗ.

ಕಾನೂನಿನ ಕೈ ಎಲ್ಲಿಯವರೆಗೆ

ಮಸೂದೆ ಹೇಳುವುದು ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗೆ ಮಲಯಾಳ ಕಡ್ಡಾಯ ಪ್ರಥಮ ಭಾಷೆ ಎಂದು. ಕಡ್ಡಾಯ ಕಲಿಕೆಯ ಕಾನೂನು 2017ರಲ್ಲೇ ಬಂದಿತ್ತು. ಹಾಗಾಗಿ ಹೊಸತಿರುವುದು 'ಪ್ರಥಮ' ಎಂಬ ಶಬ್ದದಲ್ಲಿ. ಸರಕಾರದ ವಾದ, ಮಲಯಾಳ ಮಾತೃಭಾಷೆಯಲ್ಲದವರು ತಮ್ಮ ಆಯ್ಕೆಯ ಭಾಷೆ ಕಲಿಯಬಹುದು. ಕನ್ನಡ ಸಂಘಟನೆಗಳ ಅಳುಕು, ಕಾಗದದ ವಿನಾಯಿತಿ ತರಗತಿಗೆ ತಲುಪುವಷ್ಟರಲ್ಲಿ ಸವೆದಿರುತ್ತದೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದಕ್ಕೆ ಹಿಂದೆ ಪ್ರತಿಭಟನೆಗಳು ನಡೆದಿರುವಾಗ ಆ ಅಳುಕನ್ನು ಬರೀ ರಾಜಕೀಯ ಎನ್ನಲಾಗದು.

ಸಂವಿಧಾನದ 350ಎ ವಿಧಿಯೂ ಈ ಚರ್ಚೆಯಲ್ಲಿ ಬರುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎನ್ನುವ ಈ ವಿಧಿ ಏಳನೇ ತಿದ್ದುಪಡಿಯ ಮೂಲಕ 1956ರ ನವೆಂಬರ್ 1ರಂದು ಜಾರಿಗೆ ಬಂತು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. ಆದರೆ ವಿಧಿಯ ಮಾತು 'ಯತ್ನಿಸಬೇಕು' ಎಂಬಲ್ಲಿಗೆ ನಿಲ್ಲುತ್ತದೆ. ಒಂದನೇ ಕ್ಲಾಸಿನ ಕಪಾಟಿನಲ್ಲಿ ಯಾವ ಪುಸ್ತಕ ಇರಬೇಕು, ಟೀಚರ್ ಅದನ್ನು ಹೇಗೆ ಓದಬೇಕು ಎನ್ನುವಲ್ಲಿಗೆ ಯಾವ ವಿಧಿಯೂ, ಯಾವ ಕಲಮೂ ಬರುವುದಿಲ್ಲ.

ಒಂದು ಬೆಕ್ಕು, ನಾಲ್ಕು ಹೆಸರು

'ಮಾತೃಭಾಷೆ' ಎಂದಾಗ ಬೆಂಗಳೂರಿನಲ್ಲಿ ಕೂತವರಿಗೆ ಕಾಣುವ ಚಿತ್ರ ಸರಳ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಹಾಗಿಲ್ಲ. ಕನ್ನಡ ಮಾಧ್ಯಮದ ಒಂದೇ ಬೆಂಚಿನಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ, ಅದನ್ನು ಒಂದನೇ ಕ್ಲಾಸಿನಲ್ಲಿ ನಿಭಾಯಿಸುವುದು ಬೇರೆ ಕೆಲಸ.

ಟೀಚರ್ ಬೆಕ್ಕಿನ ಚಿತ್ರ ತೋರಿಸಿ 'ಇದು ಏನು?' ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ತುಳು ಮನೆಯ ಮಗು, ಹವ್ಯಕ ಮನೆಯ ಮಗು 'ಪುಚ್ಚೆ' ಎನ್ನುತ್ತವೆ. ಮಲಯಾಳ ಮನೆಯದು 'ಪೂಚ್ಚ' ಎನ್ನುತ್ತದೆ. ಕೊಂಕಣಿಯದು 'ಮಾಜ್ಜರ'. ಎಲ್ಲರಿಗೂ ಬೆಕ್ಕು ಗೊತ್ತು, ಎಲ್ಲರ ಉತ್ತರವೂ ಸರಿ. ಟೀಚರ್ 'ಅಲ್ಲ, ಬೆಕ್ಕು ಅಂತ ಹೇಳಬೇಕು' ಎಂದರೆ ನಾಲ್ಕೂ ಮಕ್ಕಳು ಕಲಿಯುವುದು ಕನ್ನಡದ ಒಂದು ಶಬ್ದವನ್ನಷ್ಟೇ ಅಲ್ಲ, ತನಗೆ ಗೊತ್ತಿರುವುದು ಇಲ್ಲಿ ಲೆಕ್ಕಕ್ಕಿಲ್ಲ ಎನ್ನುವುದನ್ನೂ. ಇದು ದಿನಕ್ಕೆ ಹತ್ತು ಸಲ ಆದರೆ ಮಗು ಸುಮ್ಮನಾಗುತ್ತದೆ. ಸುಮ್ಮನಿರುವ ಮಗುವಿಗೆ ಶಾಲೆ 'ಆತ್ಮವಿಶ್ವಾಸ ಸಾಲದು' ಎಂದು ಷರಾ ಬರೆಯುತ್ತದೆ. ಕಾರಣ ಎಲ್ಲಿತ್ತು, ಷರಾ ಯಾರ ಮೇಲೆ ಬಿತ್ತು ನೋಡಿ.

ಮಲಯಾಳ ಹೇರಿಕೆಯಿಂದ ಕನ್ನಡ ಮಗುವಿಗೆ ಆಗುವ ಹಾನಿಯ ಬಗ್ಗೆ ಮಾತಾಡುವವರು, ಪುಸ್ತಕದ ಕನ್ನಡ ತುಳು ಮಗುವಿಗೆ ಅದನ್ನೇ ಮಾಡಬಹುದು ಎನ್ನುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಕನ್ನಡ ಮಾಧ್ಯಮಕ್ಕೆ ಇದರಿಂದ ಪೆಟ್ಟೇನೂ ಇಲ್ಲ. ಮಗುವಿನ ಕಿವಿಗೆ ಬಿದ್ದು ಬೆಳೆದ ಮಾತಿಗೆ ಅತಿ ಹತ್ತಿರದ ಶಾಲಾಭಾಷೆ ಇಲ್ಲಿ ಬಹುಪಾಲು ಕನ್ನಡವೇ. ತುಳು ಮತ್ತು ಹವ್ಯಕ ಬರೆಯುವುದೂ ಕನ್ನಡ ಲಿಪಿಯಲ್ಲೇ. ಆದರೆ ಹತ್ತಿರ ಇದೆ ಎಂದ ಮಾತ್ರಕ್ಕೆ ದಾಟಬೇಕಿಲ್ಲ ಎಂದಲ್ಲ. ದಾಟಲು ಒಂದು ಸಂಕ ಬೇಕು. ಚಿತ್ರಪುಸ್ತಕ ಆ ಸಂಕ ಆಗಬಲ್ಲದು.

'ನೀನು ಮಾಡಬಲ್ಲೆ' ಎಂದು ಅಚ್ಚು ಹಾಕಿದರೆ ಸಾಕೇ

ಮಾರುಕಟ್ಟೆಯಲ್ಲಿ ಆತ್ಮವಿಶ್ವಾಸದ ಪುಸ್ತಕ ಎಂದು ಬರುವವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಅಂಜುಬುರುಕ ಮರಿ, ಅದಕ್ಕೊಬ್ಬ ಜಾಣ ಅಜ್ಜ, ಕೊನೆಯ ಪುಟದಲ್ಲಿ 'ಹಾಗಾದರೆ ಮಕ್ಕಳೇ, ನೀವೂ ಧೈರ್ಯವಂತರಾಗಿ'. ಇವು ಕೆಲಸ ಮಾಡದಿರಲು ಕಾರಣವಿದೆ.

ತನ್ನಿಂದ ಒಂದು ಕೆಲಸ ಆಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಬಲವಾದದ್ದು ಮೊದಲನೆಯದು. ಪ್ರೋತ್ಸಾಹದ ಮಾತಿನ ಶಕ್ತಿ ಅದಕ್ಕೆ ಹೋಲಿಸಿದರೆ ಕಡಿಮೆ, ಮರುದಿನದ ಒಂದು ಸೋಲು ಅದನ್ನು ಅಳಿಸಿಬಿಡುತ್ತದೆ. ಉಪದೇಶದ ಪುಸ್ತಕ ಕೊಡುವುದು ಮೂರನೆಯದನ್ನು ಮಾತ್ರ. ನಾಲ್ಕು ಸಾಲಿನ ಪುಸ್ತಕವನ್ನು ಮಗು ಕೊನೆಯವರೆಗೆ ತಾನೇ 'ಓದಿ' ಮುಗಿಸಿ ಮುಚ್ಚಿದರೆ ಅದು ಮೊದಲನೆಯದು.

ಇನ್ನೊಂದು ತೊಡಕು ವಯಸ್ಸಿನದು. ಎಂಟು ವರ್ಷದ ಕೆಳಗಿನ ಮಕ್ಕಳಿಗೆ 'ನಾನು ಒಟ್ಟಾರೆ ಒಳ್ಳೆಯವನು, ಸಮರ್ಥ' ಎಂಬ ಸಮಗ್ರ ಕಲ್ಪನೆಯನ್ನು ಮಾತಿನಲ್ಲಿ ಹಿಡಿಯಲಾಗುವುದಿಲ್ಲ ಎಂದು ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ ತೋರಿಸಿದ್ದಾರೆ. ಅವರಿಗೆ ಗೊತ್ತಿರುವುದು ಬಿಡಿಬಿಡಿ ಕೆಲಸಗಳು: ನಾನು ಓಡಬಲ್ಲೆ, ಅಂಗಿಯ ಗುಂಡಿ ಹಾಕಬಲ್ಲೆ, ಈ ಪುಟ ಹೇಳಬಲ್ಲೆ. ಅದಕ್ಕೇ 'ನಿನ್ನನ್ನು ನೀನು ನಂಬು' ಎನ್ನುವ ವಾಕ್ಯ ಐದು ವರ್ಷದ ಮಗುವಿಗೆ ಗಾಳಿಗೆ ಹೋಗುತ್ತದೆ. ಚಪ್ಪಲಿಯ ಬಲಗಾಲು ಎಡಗಾಲು ಗೊತ್ತಾಗದೆ ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿಯಾದ ಹುಡುಗಿಯ ಚಿತ್ರ ಗಾಳಿಗೆ ಹೋಗುವುದಿಲ್ಲ.

ಹೊಗಳಿಕೆಯಲ್ಲೂ ಎಡವಟ್ಟು ಆಗುತ್ತದೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 'ನೀನು ಜಾಣ' ಎಂದು ಹೊಗಳಿಸಿಕೊಂಡವರು ಕಷ್ಟದ ಒಗಟು ಬಂದಾಗ, 'ಚೆನ್ನಾಗಿ ಪ್ರಯತ್ನಪಟ್ಟೆ' ಎಂದು ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು. ಆ ಮಕ್ಕಳು ಐದನೇ ತರಗತಿಯವರು, ಅಂಗನವಾಡಿಗೆ ಹಾಗೆಯೇ ಇಳಿಸಿಕೊಳ್ಳುವ ಹಾಗಿಲ್ಲ. ಆದರೂ ನಾಯಕನನ್ನು ಹುಟ್ಟಾ ಜಾಣನನ್ನಾಗಿಸುವ ಕಥೆಗಳ ಬಗ್ಗೆ ಸ್ವಲ್ಪ ಎಚ್ಚರ ಇರಲಿ.

ನರಿ, ಮೊಲ, ಮತ್ತು ಪಕ್ಕದ ಮನೆಯ ಹುಡುಗಿ

ನಮ್ಮಲ್ಲಿ ಮಕ್ಕಳ ಕಥೆ ಎಂದರೆ ಪ್ರಾಣಿ ಕಥೆ. ಟೊರೊಂಟೊದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗೆಗಿನ ಒಂದೇ ಕಥೆಯನ್ನು ಎರಡು ರೂಪದಲ್ಲಿ ಓದಿದರು: ಒಂದರಲ್ಲಿ ಮನುಷ್ಯರು, ಇನ್ನೊಂದರಲ್ಲಿ ಬಟ್ಟೆ ತೊಟ್ಟ ಪ್ರಾಣಿಗಳು. 2017ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮನುಷ್ಯರ ಕಥೆ ಕೇಳಿದವರು ತಮ್ಮ ಸ್ಟಿಕ್ಕರ್‌ಗಳನ್ನು ಹೆಚ್ಚು ಹಂಚಿಕೊಂಡರು, ಪ್ರಾಣಿಗಳದ್ದು ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಪ್ರಾಣಿಯಿಂದ ತನಗೆ ಪಾಠವನ್ನು ದಾಟಿಸಿಕೊಳ್ಳುವುದು ಈ ವಯಸ್ಸಿಗೆ ದೂರದ ಹಾರಾಟ. ಪ್ರಾಣಿ ಕಥೆ ಬೇಡ ಎಂದಲ್ಲ. ಅದು ನಗುವಿಗೆ, ಮಾತಿಗೆ, ಲಯಕ್ಕೆ ಇರಲಿ. 'ನನ್ನಂಥವಳು ಮಾಡಿದಳು' ಎನ್ನಿಸಬೇಕಾದ ಕಡೆ ನನ್ನಂಥವಳೇ ಪುಟದಲ್ಲಿ ಇರಬೇಕು.

ಪುಸ್ತಕ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ಅಮೆರಿಕದ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ಗಡಿನಾಡಿನ ಮಗುವಿಗೆ ಕಿಟಕಿಗಳಿಗೆ ಕೊರತೆಯಿಲ್ಲ. ಮಲಯಾಳ ಪುಸ್ತಕದಲ್ಲಿ ತಿರುವನಂತಪುರ, ಕನ್ನಡ ಪುಸ್ತಕದಲ್ಲಿ ಬೆಂಗಳೂರು ಮೈಸೂರು. ಇಲ್ಲದಿರುವುದು ಕನ್ನಡಿ. ಅಡಿಕೆ ಅಂಗಳ, ಮುರಕಲ್ಲಿನ ಗೋಡೆ, ಬೀಡಿ ಕಟ್ಟುವ ಅಮ್ಮ, ಗಲ್ಫಿನಿಂದ ಫೋನ್ ಮಾಡುವ ಅಪ್ಪ, ಮಳೆಗಾಲದ ತೋಡು, ಒಂದು ಬದಿಯಲ್ಲಿ ಮಲಯಾಳ ಇನ್ನೊಂದು ಬದಿಯಲ್ಲಿ ಕನ್ನಡ ಬರೆದ ಬಸ್ಸಿನ ಬೋರ್ಡು. ಮಗುವಿನ ಮೈಬಣ್ಣವೂ ಈ ಲೆಕ್ಕದಲ್ಲಿ ಬರುತ್ತದೆ. ಚಿತ್ರಗಳಲ್ಲಿ ನಾಯಕಿ ಯಾವಾಗಲೂ ಬಿಳಿಚಿದ್ದು, ಕಳ್ಳ ಯಾವಾಗಲೂ ಕಪ್ಪಾಗಿದ್ದರೆ ಅದನ್ನು ಮಗು ಪಠ್ಯಕ್ಕಿಂತ ಮೊದಲೇ ಓದಿ ಮುಗಿಸಿರುತ್ತದೆ.

ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆಗೆ ಬಂದರೆ ಇನ್ನೂ ಒಂದು ಮಾತಿದೆ. ಗೇರು ತೋಟಗಳಿಗೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಿವು. ವಿಶೇಷ ಅಗತ್ಯದ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಕನ್ನಡ, ತುಳು ಮನೆಯವರಿದ್ದಾರೆ. ಗಾಲಿಕುರ್ಚಿಯ ಮಗು ಕಥೆಯಲ್ಲಿ ಬಂದರೆ ಅದು ಬೇರೆಯವರಿಗೆ ಕರುಣೆ ಕಲಿಸಲು, ಇಲ್ಲವೇ ಬೆಟ್ಟ ಹತ್ತಿ ಚಪ್ಪಾಳೆ ಗಿಟ್ಟಿಸಲು ಬರುತ್ತದೆ. ಆ ಮಗು ಮೀನು ಮಾರುವವರ ಜತೆ ಚೌಕಾಶಿ ಮಾಡುವ, ತಮ್ಮನ ಜತೆ ಜಗಳವಾಡುವ ಸಾಮಾನ್ಯ ಕಥೆ ಸಿಗುವುದಿಲ್ಲ. ಬಡ್ಸ್ ಶಾಲೆಗೆ ಪುಸ್ತಕ ಕೊಡುವಾಗ ಪುಟದ ರಟ್ಟು ದಪ್ಪವಿರಲಿ. ಬೆರಳ ಹಿಡಿತ ಸಾಲದ ಮಕ್ಕಳಿಗೆ ಪ್ರತಿ ಪುಟದ ಅಂಚಿಗೆ ಬಟ್ಟೆಯ ಚೂರೋ ಸ್ಪಂಜಿನ ತುಂಡೋ ಅಂಟಿಸಿದರೆ ಪುಟಗಳ ನಡುವೆ ಸಂದು ಉಳಿಯುತ್ತದೆ, ಮಗು ತಾನೇ ತಿರುವಬಲ್ಲದು. ಬಂಡೂರ ಹೇಳಿದ ಮೊದಲ ಮೂಲ ಇಲ್ಲಿ ಪುಟ ತಿರುವುವುದರಲ್ಲೇ ಇದೆ.

ಕೈಗೆತ್ತಿಕೊಂಡು ನೋಡಬೇಕಾದ್ದು

ಓದಿ ಹೇಳುವ ಪುಸ್ತಕ ಬೇರೆ, ಮಗು ತಾನೇ ಓದುವ ಪುಸ್ತಕ ಬೇರೆ. ಎರಡನ್ನೂ ಬೆರೆಸುವುದೇ ಖರೀದಿಯ ದೊಡ್ಡ ತಪ್ಪು. ಇಂಗ್ಲಿಷಿನ 26 ಅಕ್ಷರ ಬೇಗ ಮುಗಿಯುತ್ತವೆ. ಕನ್ನಡದಲ್ಲಿ ಮೂಲಾಕ್ಷರ 49 ಆದರೂ ಕಾಗುಣಿತ ಸೇರಿದರೆ ನಾನೂರು ದಾಟುತ್ತದೆ, ಮೇಲೆ ಒತ್ತು. ಕನ್ನಡ ಅಕ್ಷರಗಳ ಹಿಡಿತ ಮೂರು ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಿರುವಾಗ ಒಂದನೇ ಕ್ಲಾಸಿನ ಮಗುವಿಗೆ ಪುಟಕ್ಕೆ ಆರು ಸಾಲಿನ, ಒತ್ತಕ್ಷರ ತುಂಬಿದ ಪುಸ್ತಕ ಕೊಟ್ಟು 'ಓದು' ಎಂದರೆ ಅದು ಸೋಲಿನ ಅಭ್ಯಾಸ.

ತಾನೇ ಓದುವುದಕ್ಕೆ: ಪುಟಕ್ಕೆ ಒಂದು ಸಾಲು, ಸಾಲಿಗೆ ಮೂರರಿಂದ ಐದು ಪದ, ಒಂದೇ ವಾಕ್ಯ ಸಣ್ಣ ಬದಲಾವಣೆಯೊಂದಿಗೆ ಮರುಕಳಿಸಬೇಕು. ಅಕ್ಷರ 24 ಪಾಯಿಂಟಿಗೆ ಕಡಿಮೆ ಬೇಡ. ಒತ್ತು ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಇರಲಿ. ಬಣ್ಣದ ಚಿತ್ರದ ಮೇಲೇ ಅಚ್ಚು ಹಾಕಿದ ಪಠ್ಯ ಮಗುವಿಗೆ ಕಾಣುವುದಿಲ್ಲ. 'ಬೆಕ್ಕು' ಎಂದಿರುವ ಪುಟದ ಚಿತ್ರದಲ್ಲಿ ಬೆಕ್ಕೇ ಕಣ್ಣಿಗೆ ಮೊದಲು ಬೀಳಬೇಕು. ಓದಿ ಹೇಳುವುದಕ್ಕೆ ಇಷ್ಟು ಕಟ್ಟುಪಾಡು ಬೇಡ. ಅಲ್ಲಿ ಉದ್ದ ವಾಕ್ಯ, ಹೊಸ ಪದ, ಒತ್ತಕ್ಷರ ಎಲ್ಲ ಇರಲಿ. ಮಗುವಿನ ಕಿವಿ ಕಣ್ಣಿಗಿಂತ ಮುಂದಿರುತ್ತದೆ.

ಮೂರನೆಯ ಬಗೆ, ಗಡಿನಾಡಿಗೆ ಎಲ್ಲಕ್ಕಿಂತ ಬೆಲೆಬಾಳುವುದು, ಮಾತಿಲ್ಲದ ಚಿತ್ರಪುಸ್ತಕ. ಪಠ್ಯವೇ ಇಲ್ಲದ ಕಡೆ ತಪ್ಪು ಓದಲು ಆಗುವುದಿಲ್ಲ. ತುಳುವಿನಲ್ಲೂ ಹೇಳಬಹುದು, ಮಲಯಾಳದಲ್ಲೂ. ಆದರೆ ಹಣ ಕೊಟ್ಟು ಅಕ್ಷರವಿಲ್ಲದ ಪುಸ್ತಕ ಕೊಳ್ಳುವುದೆಂದರೆ ಖರೀದಿ ಸಮಿತಿಗಳಿಗೆ ಮೈಮುರಿಯುತ್ತದೆ.

ಓದುವ ಹದಿನೈದು ನಿಮಿಷ

ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ತಂಡ 1988ರಲ್ಲಿ ಮಾಡಿದ ಪ್ರಯೋಗದಲ್ಲಿ ಎರಡೂ ಗುಂಪಿನ ತಾಯ್ತಂದೆಯರು ಮಕ್ಕಳಿಗೆ ನಾಲ್ಕು ವಾರ ಚಿತ್ರಪುಸ್ತಕ ಓದಿದರು. ಕೇಳಿ, ಬಾಯಿಬಿಡಿಸಿ, ಮಗುವಿನ ಮಾತನ್ನು ಬೆಳೆಸುತ್ತಾ ಓದಿದವರ ಮಕ್ಕಳು ಮಾತಿನ ಪರೀಕ್ಷೆಗಳಲ್ಲಿ ಮುಂದೆ ಹೋದರು. ಅಂದರೆ ಯಾವ ಪುಸ್ತಕ ಎಂಬಷ್ಟೇ ಹೇಗೆ ಓದುವುದು ಎನ್ನುವುದೂ ಮುಖ್ಯ. ಕ್ರಮ ನಾಲ್ಕು ಹೆಜ್ಜೆಯದು: ಕೇಳು, ಒಪ್ಪಿಕೋ, ಹಿಗ್ಗಿಸು, ಮರಳಿ ಹೇಳಿಸು.

ಬೆಕ್ಕಿನ ಪುಟಕ್ಕೇ ಮರಳೋಣ. 'ಇಲ್ಲಿ ಯಾರಿದ್ದಾರೆ?' ಎಂದು ಕೇಳಬೇಕು. ಮಗು 'ಪುಚ್ಚೆ' ಎನ್ನುತ್ತದೆ. 'ಹೌದು, ಪುಚ್ಚೆ. ಪುಸ್ತಕದಲ್ಲಿ ಅದಕ್ಕೆ ಬೆಕ್ಕು ಅಂತ ಬರೆದಿದ್ದಾರೆ. ಕರಿ ಬೆಕ್ಕು ಮಾಡಿನ ಮೇಲೆ ಹತ್ತಿದೆ' ಎಂದು ಟೀಚರ್ ಹಿಗ್ಗಿಸಬೇಕು. ಮಗು 'ಕರಿ ಬೆಕ್ಕು ಹತ್ತಿದೆ' ಎನ್ನುವಷ್ಟು ಹೇಳಿದರೆ ಸಾಕು, ಮುಂದೆ ಹೋಗಬಹುದು. 'ಅಲ್ಲ' ಎಂಬ ಶಬ್ದ ಎಲ್ಲೂ ಬರಲಿಲ್ಲ, ಕನ್ನಡ ಪದ ಬಿಟ್ಟೂ ಹೋಗಲಿಲ್ಲ. ಎರಡು ಮನೆಮಾತಿನವರಿದ್ದರೆ ಇನ್ನೂ ಚಂದ. 'ನಿಮ್ಮಲ್ಲಿ ಕಿವಿಗೆ ಏನೆನ್ನುತ್ತಾರೆ?' ಎಂದರೆ ಒಬ್ಬ 'ಕೆಬಿ' ಎನ್ನುತ್ತಾನೆ, ಇನ್ನೊಬ್ಬಳು 'ಚೆವಿ' ಎನ್ನುತ್ತಾಳೆ. ಕಿವಿ, ಕೆಬಿ, ಚೆವಿ ಮೂರೂ ಒಂದೇ ಮನೆಯವು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಟೀಚರಿಗೆ ಎಲ್ಲ ಭಾಷೆ ಬರಬೇಕಾಗಿಲ್ಲ, ಕೇಳಲು ಬಂದರೆ ಸಾಕು.

ಗುಂಪು ಆರರಿಂದ ಎಂಟು ಮಕ್ಕಳದ್ದಾಗಿರಲಿ. ಮೂವತ್ತು ಮಕ್ಕಳಿಗೆ ದೂರದಿಂದ ಪುಸ್ತಕ ಎತ್ತಿ ತೋರಿಸಿದರೆ ಮುಂದಿನ ಸಾಲಿನ ಇಬ್ಬರೇ ಉತ್ತರಿಸುತ್ತಾರೆ, ಉಳಿದವರು ಸುಮ್ಮನಿರುವುದನ್ನು ಕಲಿಯುತ್ತಾರೆ. ಒಂದೇ ಪುಸ್ತಕವನ್ನು ವಾರದಲ್ಲಿ ಮೂರು ಸಲ ಓದಬೇಕು. ಮೊದಲ ಸಲ ಕಥೆ ಕೇಳಲಿ, ಎರಡನೇ ಸಲ ಪ್ರಶ್ನೆ, ಮೂರನೇ ಸಲ ಮಗುವೇ ಹೇಳಲಿ. ಅದೇ ಕಥೆ ಮತ್ತೆ ಬೇಕೆಂದು ಮಗು ಹಟ ಹಿಡಿಯುವುದು ಸೋಮಾರಿತನದಿಂದಲ್ಲ, ಮುಂದೇನು ಎಂದು ಗೊತ್ತಿರುವುದರ ಸುಖಕ್ಕೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ ಕಾಯಬೇಕು. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದೇ ಸೆಕೆಂಡು, ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮನೆಮಾತಿನಲ್ಲಿ ಯೋಚಿಸಿ ಕನ್ನಡಕ್ಕೆ ತರಬೇಕಾದ ಮಗುವಿಗೆ ಐದು ಎಣಿಸಿದರೂ ತಪ್ಪಿಲ್ಲ. ಕೊನೆಗೆ 'ಈ ಕಥೆಯ ನೀತಿ ಏನು?' ಎಂದು ಕೇಳದಿದ್ದರೆ ಅರ್ಧ ಗೆದ್ದ ಹಾಗೆ.

ಪುಸ್ತಕ ಎಲ್ಲಿಂದ

ಕೇರಳದಲ್ಲಿ ಗ್ರಂಥಾಲಯ ಚಳವಳಿ ಗಟ್ಟಿ. ಪಿ. ಎನ್. ಪಣಿಕ್ಕರ್ ನೆನಪಿನ ಜೂನ್ 19ರ ವಾಚನಾ ದಿನ ಕನ್ನಡ ಶಾಲೆಗಳಲ್ಲೂ ನಡೆಯುತ್ತದೆ. ಆದರೆ ಆ ವಾರ ಪ್ರದರ್ಶನಕ್ಕಿಡುವ ಕನ್ನಡ ಪುಸ್ತಕಗಳಲ್ಲಿ ಐದು ವರ್ಷದ ಮಗುವಿಗೆ ಆಗುವಂಥವು ಎಷ್ಟು ಎಂದು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು. ಸಮಗ್ರ ಶಿಕ್ಷಾ ಯೋಜನೆಯ ಮಾನದಂಡದಂತೆ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಇದೆ. ಸರಾಸರಿ 50 ರೂಪಾಯಿಯ ಪುಸ್ತಕವಾದರೆ 100 ಪ್ರತಿ. ನೂರು ಬೇರೆ ಬೇರೆ ಪುಸ್ತಕಕ್ಕಿಂತ 25 ಶೀರ್ಷಿಕೆ, ತಲಾ ನಾಲ್ಕು ಪ್ರತಿ ಉತ್ತಮ; ಗುಂಪಿನಲ್ಲಿ ಇಬ್ಬರಿಗೊಂದು ಸಿಗುತ್ತದೆ.

ಪ್ರಥಮ್ ಬುಕ್ಸ್, ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಒಂದೇ ಪುಸ್ತಕವನ್ನು ಹಲವು ಭಾಷೆಗಳಲ್ಲಿ ತರುತ್ತವೆ, ಕನ್ನಡ ಮತ್ತು ಮಲಯಾಳ ಎರಡರಲ್ಲೂ ಸಿಗುವವು ಅನೇಕ. ಮಸೂದೆಯ ಜಗಳಕ್ಕೆ ಇಲ್ಲಿ ಒಂದು ನೆಲಮಟ್ಟದ ಉತ್ತರ ಇದೆ. ಕನ್ನಡದಲ್ಲಿ ಬಾಯಿಪಾಠ ಆದ ಕಥೆಯನ್ನೇ ಮಲಯಾಳದಲ್ಲಿ ಓದಿದರೆ ಚಿತ್ರ, ಕಥೆ, ನಗು ಎಲ್ಲ ಮೊದಲೇ ಗೊತ್ತಿರುತ್ತದೆ, ಹೊಸತು ಶಬ್ದ ಮಾತ್ರ. ಎರಡನೇ ಭಾಷೆ ಹೀಗೆ ಬಂದರೆ ಹೆದರಿಕೆ ಇಲ್ಲ. ತಿರುಗಾಮುರುಗ ಮಾಡಿದರೆ, ಅಂದರೆ ಗೊತ್ತಿಲ್ಲದ ಭಾಷೆಯಲ್ಲಿ ಗೊತ್ತಿಲ್ಲದ ಕಥೆ ಮೊದಲು ಬಂದರೆ, ಮಗು ಎರಡು ಹೊರೆ ಒಟ್ಟಿಗೆ ಹೊರಬೇಕಾಗುತ್ತದೆ.

ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದ ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಇಳಿಸಿಕೊಂಡು, ಅನುವಾದಿಸಿ, ಅಚ್ಚು ಹಾಕಬಹುದು. ಮೂಲ ಲೇಖಕ, ಚಿತ್ರಕಾರ, ಪ್ರಕಾಶಕರ ಹೆಸರು ಮತ್ತು ಪರವಾನಗಿಯ ಉಲ್ಲೇಖ ಉಳಿಸಿಕೊಂಡು, ಬದಲಾವಣೆ ಮಾಡಿದ್ದರೆ ಅದನ್ನು ತಿಳಿಸಬೇಕು ಅಷ್ಟೆ. ತುಳುವಿಗೋ ಹವ್ಯಕಕ್ಕೋ ಮಾಡಿಕೊಳ್ಳಲು ಅಡ್ಡಿಯಿಲ್ಲ. 16 ಪುಟದ ಪುಸ್ತಕಕ್ಕೆ ನಾಲ್ಕು ಎ3 ಹಾಳೆ ಎರಡೂ ಬದಿ ಅಚ್ಚು ಹಾಕಿ ಮಡಚಿದರೆ ಎ4 ಅಳತೆಯ ಪುಟ ಬರುತ್ತದೆ. ಗುಂಪಿಗೆ ತೋರಿಸಲು ಇಷ್ಟಾದರೂ ದೊಡ್ಡದು ಬೇಕು, ಎ5 ಸಾಲದು. ಅಚ್ಚಿಗೆ ಮೊದಲು ಒಂದು ಪ್ರತಿ ತೆಗೆದು ಅರ್ಕಾವತ್ತು ಮತ್ತು ಒತ್ತಕ್ಷರ ನೋಡಿಕೊಳ್ಳಬೇಕು. ಹಳೆಯ ಕನ್ನಡ ತಂತ್ರಾಂಶದಿಂದ ಯುನಿಕೋಡಿಗೆ ಬದಲಾಯಿಸುವಾಗ ಹೆಚ್ಚಾಗಿ ಕೆಡುವುದು ಅವೇ.

ಮಳೆಗಾಲ ಮತ್ತು ಬೀಗ

ಇಲ್ಲಿನ ಮಳೆಗೆ ಅಂಟಿನ ಬೈಂಡಿಂಗ್ ಎರಡನೇ ವರ್ಷಕ್ಕೆ ಬಿಡುತ್ತದೆ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಪುಟಕ್ಕೆ ಕಲೆ ಇಳಿಸುತ್ತದೆ. ನಡುವೆ ಹತ್ತಿ ನೂಲಿನಲ್ಲಿ ಮೂರು ತೂತಿನ ಹೊಲಿಗೆ ಹಾಕಿಕೊಂಡರೆ ಹೆಚ್ಚು ಬಾಳುತ್ತದೆ. ಕಪಾಟು ಗೋಡೆಗೆ ಒರಗದೆ ನಾಲ್ಕು ಬೆರಳು ದೂರ ಇರಲಿ. ಹರಿದ ಪುಟಕ್ಕೆ ಸೆಲೋಟೇಪ್ ಬೇಡ, ಹಳದಿಯಾಗಿ ಪುಟವನ್ನೇ ಕಿತ್ತುಕೊಂಡು ಬರುತ್ತದೆ. ತೆಳು ಕಾಗದ ಮತ್ತು ಮೈದಾ ಅಂಟು ಸಾಕು, ಆದರೆ ಅಂಟಿನಲ್ಲಿ ತುಸು ಮೈಲುತುತ್ತ ಇಲ್ಲದಿದ್ದರೆ ಜಿರಳೆ ಬರುತ್ತದೆ, ಮೈಲುತುತ್ತ ಹಾಕಿದರೆ ಸಣ್ಣ ಮಕ್ಕಳ ಬಾಯಿಗೆ ಹೋಗುತ್ತದೆ. ಅಂಗನವಾಡಿಯಲ್ಲಿ ಜಿರಳೆಯ ಕಾಟವೇ ಮೇಲು.

ಮಳೆಗಿಂತ ಹೆಚ್ಚು ಪುಸ್ತಕ ಹಾಳು ಮಾಡುವುದು ಬೀಗ. ಲೆಕ್ಕಪತ್ರದಲ್ಲಿ ಪ್ರತಿ ಪುಸ್ತಕಕ್ಕೆ ಮುಖ್ಯೋಪಾಧ್ಯಾಯರು ಹೊಣೆ. ಹರಿದರೆ ಉತ್ತರಿಸಬೇಕು, ಹಾಗಾಗಿ ಕೊಡದಿರುವುದು ಕ್ಷೇಮ. ಈ ಭಯ ಹೋಗಬೇಕಾದರೆ ಚಿತ್ರಪುಸ್ತಕವನ್ನು ಸೀಮೆಸುಣ್ಣದ ಹಾಗೆ ಸವೆಯುವ ಸಾಮಗ್ರಿ ಎಂದು ಬರೆದುಕೊಳ್ಳುವ ಅವಕಾಶ ಬೇಕು. ಅಲ್ಲಿಯವರೆಗೆ ಮಕ್ಕಳ ಕಣ್ಣಿನ ಎತ್ತರಕ್ಕೆ ಹಗ್ಗ ಕಟ್ಟಿ, ಮುಖಪುಟ ಕಾಣುವ ಹಾಗೆ ಹತ್ತು ಪುಸ್ತಕ ನೇತುಹಾಕಿ, ವಾರಕ್ಕೊಮ್ಮೆ ಬದಲಾಯಿಸಬಹುದು.

ಮುಂದೆ ಏನಾಗಬಹುದು

ವಿನಾಯಿತಿ ಹೇಳಿದಂತೆ ಜಾರಿಯಾದರೂ ಕಪಾಟು ಹೀಗೇ ಇದ್ದರೆ ಕನ್ನಡ ಶಾಲೆಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರು ನಿಲ್ಲುವುದಿಲ್ಲ. ಅವರನ್ನು ಎಳೆಯುತ್ತಿರುವುದು ಮಲಯಾಳ ಅಲ್ಲ, ಯುಕೆಜಿ ಮಗು ನೆಂಟರ ಮುಂದೆ ನಿಂತು ಪದ್ಯ ಹೇಳುವ ದೃಶ್ಯ. ಅದು ಉರು ಹೊಡೆದದ್ದು ಎಂದು ತಿಳಿದವರು ಹೇಳಬಹುದು. ಹೆತ್ತವರಿಗೆ ಕಾಣುವುದು ಬಾಯಿಬಿಟ್ಟ ಮಗು. ವಿನಾಯಿತಿ ಬಿಗಿಯಾಗಿ ಜಾರಿಯಾಗದಿದ್ದರೆ ಪೆಟ್ಟು ಮೊದಲು ಬೀಳುವುದು ಮನೆಯಲ್ಲಿ ಕನ್ನಡವಲ್ಲದ, ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ. ಅರ್ಜಿಯ ಮಾತೃಭಾಷೆಯ ಕಾಲಂನಲ್ಲಿ ತುಳು ಎಂದು ಪ್ರಾಮಾಣಿಕವಾಗಿ ಬರೆದ ಮಗುವನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ ಎನ್ನುವ ಪ್ರಶ್ನೆಯನ್ನು ಸಂಘಟನೆಗಳು ಈಗಲೇ ಎತ್ತಬೇಕು.

ಪುಸ್ತಕ ಕೊಟ್ಟವರು ಫಲ ಸಿಕ್ಕಿತೇ ಎಂದು ಕೇಳುವುದೂ ಸಹಜ. 'ನಿನಗೆ ಧೈರ್ಯ ಬಂತಾ?' ಎಂದು ಮಗುವನ್ನು ಕೇಳಿ ಪ್ರಯೋಜನವಿಲ್ಲ. ಜೂನ್‌ನಲ್ಲಿ ಒಂದು ಚಿತ್ರ ತೋರಿಸಿದಾಗ ಮಗು ಎಷ್ಟು ಪದ ಆಡಿತು ಎಂದು ಬರೆದಿಟ್ಟು, ಓಣಂ ರಜೆ ಮುಗಿದ ಮೇಲೆ ಅದೇ ಚಿತ್ರ ಮತ್ತೆ ತೋರಿಸಿ ನೋಡಬಹುದು. ಹೇಳದೆ ಹಗ್ಗದಿಂದ ಪುಸ್ತಕ ತೆಗೆದವರು ಯಾರು, ಪುಸ್ತಕ ಮನೆಗೆ ಹೋಗಿ ತಿರುಗಿ ಬಂದಾಗ ಎಷ್ಟು ಮಾಸಿದೆ ಎನ್ನುವುದೂ ಲೆಕ್ಕವೇ. ಟೀಚರ್ ಓದುವ ಅವಸರದಲ್ಲಿ ಒಂದು ಪುಟ ಹಾರಿಸಿದಾಗ 'ಟೀಚರೇ, ಪುಚ್ಚೆ ಮಾಡಿನಿಂದ ಇಳಿದೇ ಇಲ್ಲ' ಎಂದು ಹಿಂದಿನ ಸಾಲಿನಿಂದ ಒಂದು ದನಿ ತಿದ್ದಿದರೆ, ಅದನ್ನು ಬರೆದಿಟ್ಟುಕೊಳ್ಳಿ, ತಾರೀಕು ಸಮೇತ.